ಮ್ಯಾರಥಾನ್: ಸ್ವಂತ ದಾಖಲೆ ಮುರಿಯಲು ತಯಾರಿ ಹೇಗೆ?

ಮ್ಯಾರಥಾನ್ ಎಂದರೆ 42.195 ಕಿ.ಮೀ. ದೂರದ ರಸ್ತೆ ಓಟ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿದ ಈ ದೂರವನ್ನೇ ಅಂತಾರಾಷ್ಟ್ರೀಯ ಅಥ್ಲೆಟಿಕ್ ಒಕ್ಕೂಟ 1921ರಲ್ಲಿ ಅಧಿಕೃತವಾಗಿ ನಿಗದಿ ಮಾಡಿತು. ಸಾವಿರಾರು ಜನ ಸೇರುವ ಓಟದಲ್ಲಿ ಬಹುಮಾನ ಗೆಲ್ಲುವವರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ತಮ್ಮದೇ ಹಿಂದಿನ ಸಮಯದ ವಿರುದ್ಧ ಓಡುತ್ತಾರೆ. ಒಬ್ಬರು ಈವರೆಗೆ ಓಡಿದ ಮ್ಯಾರಥಾನ್‌ಗಳಲ್ಲಿ ಅತಿ ಕಡಿಮೆ ಸಮಯ ಯಾವುದೋ ಅದೇ ಅವರ ಸ್ವಂತ ದಾಖಲೆ. ಓಟಗಾರರು ಇದನ್ನು ‘ಪರ್ಸನಲ್ ಬೆಸ್ಟ್’ ಎನ್ನುತ್ತಾರೆ.

ಮೊದಲ ಮ್ಯಾರಥಾನ್ ಮುಗಿಸುವುದು ಒಂದು ಬಗೆಯ ಕೆಲಸ, ಎರಡನೆಯದನ್ನು ಮೊದಲಿಗಿಂತ ಬೇಗ ಮುಗಿಸುವುದು ಬೇರೆಯೇ ಕೆಲಸ. ಮೊದಲನೆಯದಕ್ಕೆ ಛಲ ಸಾಕಾಗಬಹುದು, ಎರಡನೆಯದಕ್ಕೆ ಲೆಕ್ಕ ಬೇಕು. ಸ್ವಂತ ದಾಖಲೆ ಕೈತಪ್ಪುವುದು ಹೆಚ್ಚಾಗಿ ಕೊನೆಯ 10 ಕಿ.ಮೀ.ಯಲ್ಲಿ. ಆದರೆ ಅದಕ್ಕೆ ಕಾರಣವಾದ ತಪ್ಪು ಬಹುಪಾಲು ನಡೆದಿರುವುದು ಮೊದಲ 10 ಕಿ.ಮೀ.ಯಲ್ಲಿ.

ವಯನಾಡಿನ ಗೋಪಿ ಅವರ ಲೆಕ್ಕ

ನಮ್ಮ ಗಡಿ ಸೀಮೆಯವರಿಗೆ ಇದಕ್ಕೆ ಹತ್ತಿರದ ಉದಾಹರಣೆ ವಯನಾಡು ಜಿಲ್ಲೆಯ ತೋನಕ್ಕಲ್ ಗೋಪಿ. ಸೇನೆಯಲ್ಲಿದ್ದ ಗೋಪಿ 2016ರ ಜನವರಿಯಲ್ಲಿ ಮುಂಬೈ ಮ್ಯಾರಥಾನ್‌ಗೆ ಹೋದದ್ದು ಗೆಲ್ಲಲಿಕ್ಕಲ್ಲ. ಜೊತೆಗಾರ ನಿತೇಂದ್ರ ಸಿಂಗ್ ರಾವತ್ ಅವರಿಗೆ ವೇಗ ಹಿಡಿದುಕೊಡುವ ‘ಪೇಸ್‌ಮೇಕರ್’ ಆಗಿ ಹೋಗಿದ್ದರು. ನಡುವೆ ನಿಲ್ಲದೆ ಕೊನೆಯವರೆಗೂ ಓಡಿ, ಭಾರತೀಯರಲ್ಲಿ ಎರಡನೆಯವರಾಗಿ ರಿಯೊ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದರು.

ಅದೇ ವರ್ಷ ಆಗಸ್ಟ್‌ನಲ್ಲಿ ರಿಯೊದಲ್ಲಿ 2 ಗಂಟೆ 15 ನಿಮಿಷ 25 ಸೆಕೆಂಡ್‌ಗಳಲ್ಲಿ ಓಡಿ 25ನೇ ಸ್ಥಾನ ಪಡೆದರು. ಅದು ಅಲ್ಲಿಯವರೆಗಿನ ಅವರ ಅತ್ಯುತ್ತಮ ಸಮಯ. 2017ರಲ್ಲಿ ಚೀನಾದ ಡಾಂಗ್‌ಗ್ವಾನ್‌ನಲ್ಲಿ ಏಷ್ಯನ್ ಮ್ಯಾರಥಾನ್ ಚಾಂಪಿಯನ್‌ಷಿಪ್ ಗೆದ್ದರು. ಆದರೆ ಅಲ್ಲಿಯ ಸಮಯ 2:15:48, ಅಂದರೆ ಚಿನ್ನದ ಪದಕ ಬಂತು, ಸ್ವಂತ ದಾಖಲೆ ಬರಲಿಲ್ಲ. ಪದಕದ ಓಟದಲ್ಲಿ ಎದುರಾಳಿಯನ್ನು ನೋಡಿ ಓಡಬೇಕು, ದಾಖಲೆಯ ಓಟದಲ್ಲಿ ಗಡಿಯಾರ ನೋಡಿ ಓಡಬೇಕು.

2019ರ ಮಾರ್ಚ್‌ನಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಗೋಪಿ 2:13:39ರಲ್ಲಿ ಓಟ ಮುಗಿಸಿದರು. ರಿಯೊಗಿಂತ 1 ನಿಮಿಷ 46 ಸೆಕೆಂಡ್ ಕಡಿಮೆ. ಇದನ್ನು 42 ಕಿ.ಮೀ.ಗೆ ಹಂಚಿದರೆ ಕಿ.ಮೀ.ಗೆ ಉಳಿದದ್ದು ಸುಮಾರು ಎರಡೂವರೆ ಸೆಕೆಂಡ್. ಅಷ್ಟನ್ನು ಉಳಿಸಲು ದೇಶದ ಮುಂಚೂಣಿಯ ಓಟಗಾರನಿಗೆ ಎರಡೂವರೆ ವರ್ಷ ಹಿಡಿಯಿತು. ಟೋಕಿಯೊ ಒಲಿಂಪಿಕ್ಸ್‌ನ ಅರ್ಹತಾ ಮಿತಿ 2:11:30 ಇದ್ದುದರಿಂದ ಆ ಸಮಯವೂ ಅಲ್ಲಿಗೆ ಸಾಲಲಿಲ್ಲ.

ಬಿಹಾರದ ಶಿವನಾಥ್ ಸಿಂಗ್ 1978ರಲ್ಲಿ ಜಲಂಧರ್‌ನಲ್ಲಿ ಓಡಿದ 2:12:00ರ ಸಮಯವನ್ನು ನಾಲ್ಕು ದಶಕ ಕಳೆದರೂ ಯಾವ ಭಾರತೀಯನೂ ಮುರಿದಿರಲಿಲ್ಲ. ಬರಿಗಾಲಲ್ಲಿ ಓಡುವುದಕ್ಕೆ ಹೆಸರಾಗಿದ್ದ ಅವರು 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ 11ನೆಯವರಾಗಿದ್ದರು. ಈ ಓಟದಲ್ಲಿ ಒಂದೊಂದು ಸೆಕೆಂಡಿಗೂ ಎಷ್ಟು ಬೆಲೆ ಎಂಬುದಕ್ಕೆ ಇಷ್ಟು ಸಾಕು.

ಯಾವ ಸಮಯ ಲೆಕ್ಕಕ್ಕೆ?

ದೊಡ್ಡ ಓಟಗಳಲ್ಲಿ ಎರಡು ಸಮಯ ಇರುತ್ತವೆ. ಆರಂಭದ ಗುಂಡು ಹಾರಿದಾಗಿನಿಂದ ಎಣಿಸುವುದು ಗನ್ ಟೈಮ್. ಎದೆಯ ನಂಬರಿನಲ್ಲಿರುವ ಚಿಪ್ ಆರಂಭದ ಗೆರೆ ದಾಟಿದಾಗಿನಿಂದ ಎಣಿಸುವುದು ಚಿಪ್ ಟೈಮ್. ಹಿಂದೆ ನಿಂತವರು ಗೆರೆಗೆ ಬರುವಷ್ಟರಲ್ಲೇ ಕೆಲವು ನಿಮಿಷ ಕಳೆದಿರುತ್ತದೆ. ಆದ್ದರಿಂದ ಸಾಮಾನ್ಯ ಓಟಗಾರರು ಸ್ವಂತ ದಾಖಲೆಗೆ ಚಿಪ್ ಟೈಮನ್ನೇ ಹಿಡಿಯುತ್ತಾರೆ.

ಮಾರ್ಗವನ್ನು ಅಳತೆ ಮಾಡಿ ಪ್ರಮಾಣೀಕರಿಸಿದ್ದಾರೆಯೇ ಎಂಬುದನ್ನೂ ಮೊದಲೇ ವಿಚಾರಿಸಬೇಕು. 41 ಕಿ.ಮೀ. ಇರುವ ‘ಮ್ಯಾರಥಾನ್’ನಲ್ಲಿ ಬಂದ ಸಮಯ ದಾಖಲೆಯಾಗುವುದಿಲ್ಲ. ಮಾರ್ಗವನ್ನು ಅಳೆಯುವುದು ತಿರುವುಗಳ ಅತಿ ಹತ್ತಿರದ ದಾರಿಯಲ್ಲಿ. ಓಟಗಾರ ಅತ್ತಿತ್ತ ಸರಿಯುವುದರಿಂದ ಕೈಗಡಿಯಾರದ ಜಿ.ಪಿ.ಎಸ್. ಕೊನೆಯಲ್ಲಿ 42.5 ಕಿ.ಮೀ. ತೋರಿಸುವುದುಂಟು. ಅದಕ್ಕೇ ಗಡಿಯಾರ ತೋರಿಸುವ ವೇಗವನ್ನು ಪೂರ್ತಿ ನಂಬದೆ ರಸ್ತೆ ಬದಿಯ ಕಿ.ಮೀ. ಫಲಕ ನೋಡಿ ಸಮಯ ಹೊಂದಿಸಿಕೊಳ್ಳುವುದು ಒಳ್ಳೆಯದು.

ಗುರಿ ಇಟ್ಟುಕೊಳ್ಳುವುದು

ಗುರಿಯನ್ನು ಗಂಟೆಯಲ್ಲಲ್ಲ, ಕಿ.ಮೀ. ಲೆಕ್ಕದಲ್ಲಿ ನೋಡಬೇಕು. ಇದಕ್ಕೆ ‘ಪೇಸ್’ ಎನ್ನುತ್ತಾರೆ.

5 ಗಂಟೆಯೊಳಗೆ ಮುಗಿಸಲು: ಕಿ.ಮೀ.ಗೆ 7 ನಿಮಿಷ 6 ಸೆಕೆಂಡ್
4 ಗಂಟೆ 30 ನಿಮಿಷದೊಳಗೆ: 6 ನಿಮಿಷ 23 ಸೆಕೆಂಡ್
4 ಗಂಟೆ 10 ನಿಮಿಷದೊಳಗೆ: 5 ನಿಮಿಷ 55 ಸೆಕೆಂಡ್
4 ಗಂಟೆಯೊಳಗೆ: 5 ನಿಮಿಷ 41 ಸೆಕೆಂಡ್
3 ಗಂಟೆ 30 ನಿಮಿಷದೊಳಗೆ: 4 ನಿಮಿಷ 58 ಸೆಕೆಂಡ್

ಗುರಿ ನಮ್ಮ ಶಕ್ತಿಗೆ ತಕ್ಕದ್ದೇ ಎಂದು ತಿಳಿಯಲು ಒಂದು ಸುಲಭ ಲೆಕ್ಕವಿದೆ. ಪೀಟರ್ ರೀಗಲ್ ಎಂಬ ಅಮೆರಿಕದ ಎಂಜಿನಿಯರ್ ರೂಪಿಸಿದ ಸೂತ್ರದ ಪ್ರಕಾರ, ಇತ್ತೀಚೆಗೆ ಓಡಿದ ಹಾಫ್ ಮ್ಯಾರಥಾನ್ ಸಮಯವನ್ನು ಸುಮಾರು 2.085ರಿಂದ ಗುಣಿಸಿದರೆ ಮ್ಯಾರಥಾನ್ ಸಮಯದ ಅಂದಾಜು ಸಿಗುತ್ತದೆ. 2 ಗಂಟೆಯಲ್ಲಿ ಹಾಫ್ ಓಡಿದವರಿಗೆ ಅದು 4 ಗಂಟೆ 10 ನಿಮಿಷ. ವಾರಕ್ಕೆ 30-40 ಕಿ.ಮೀ. ಮಾತ್ರ ಓಡುವವರಿಗೆ ಈ ಅಂದಾಜು ಹೆಚ್ಚಾಗಿ ಕೈಗೆ ಸಿಗುವುದಿಲ್ಲ. ಅಂಥವರು ಇನ್ನೂ 10-15 ನಿಮಿಷ ಸೇರಿಸಿಕೊಂಡರೆ ನಿರಾಶೆ ತಪ್ಪುತ್ತದೆ.

ಹದಿನಾರು ವಾರದ ತರಬೇತಿ

ಈಗಾಗಲೇ ಒಂದು ಮ್ಯಾರಥಾನ್ ಮುಗಿಸಿದವರಿಗೆ 16 ವಾರದ ತಯಾರಿ ಸಾಕು. ಜನವರಿಯ ಮುಂಬೈ ಮ್ಯಾರಥಾನ್‌ಗೆ ಹೋಗುವವರು ಸೆಪ್ಟೆಂಬರ್ ಕೊನೆಯಲ್ಲಿ ಶುರು ಮಾಡಬೇಕು. 4:20 ಇದ್ದದ್ದನ್ನು 4:10ಕ್ಕೆ ಇಳಿಸಬೇಕೆನ್ನುವವರ ಒಂದು ವಾರ ಹೀಗಿರಬಹುದು:

ಸೋಮವಾರ: ವಿಶ್ರಾಂತಿ.
ಮಂಗಳವಾರ: 2 ಕಿ.ಮೀ. ನಿಧಾನ ಓಟ, ಬಳಿಕ 800 ಮೀಟರ್ ವೇಗದ ಓಟ 5-6 ಸಲ, ನಡುನಡುವೆ 2-3 ನಿಮಿಷ ನಡಿಗೆ. ಶಾಲೆಯ 200 ಮೀಟರ್ ಮೈದಾನದಲ್ಲಿ ನಾಲ್ಕು ಸುತ್ತು ಹಾಕಿದರೆ 800 ಮೀಟರ್.
ಬುಧವಾರ: 6-8 ಕಿ.ಮೀ. ನಿಧಾನ ಓಟ.
ಗುರುವಾರ: ಟೆಂಪೊ ಓಟ, ಅಂದರೆ ಕಷ್ಟ ಎನಿಸಿದರೂ ಏದುಸಿರು ಬಾರದ ವೇಗದಲ್ಲಿ 20-30 ನಿಮಿಷ.
ಶುಕ್ರವಾರ: ವಿಶ್ರಾಂತಿ ಅಥವಾ ನಡಿಗೆ.
ಶನಿವಾರ: 6-8 ಕಿ.ಮೀ. ನಿಧಾನ ಓಟ.
ಭಾನುವಾರ: ಉದ್ದ ಓಟ. 16 ಕಿ.ಮೀ.ಯಿಂದ ಶುರು ಮಾಡಿ ವಾರ ಕಳೆದಂತೆ 30-32 ಕಿ.ಮೀ.ವರೆಗೆ.

ನಾಲ್ಕನೆಯ ವಾರಕ್ಕೊಮ್ಮೆ ಒಟ್ಟು ದೂರವನ್ನು ಕಾಲುಭಾಗದಷ್ಟು ಕಡಿಮೆ ಮಾಡಬೇಕು. ಕೊನೆಯ ತಿಂಗಳುಗಳ ಎರಡು ಮೂರು ಉದ್ದ ಓಟಗಳಲ್ಲಿ ಕಡೆಯ 8-10 ಕಿ.ಮೀ.ಯನ್ನು ಗುರಿಯ ವೇಗದಲ್ಲೇ ಓಡಿ ನೋಡಬೇಕು. ದಣಿದ ಕಾಲಿಗೆ ಆ ವೇಗದ ಪರಿಚಯವಾಗಲಿ ಎಂಬುದು ಇದರ ಉದ್ದೇಶ.

ನಿಧಾನ ಓಟ ಎಂದರೆ ಪಕ್ಕದವರ ಜೊತೆ ಮಾತಾಡಿಕೊಂಡು ಓಡಬಹುದಾದ ವೇಗ. 4:10ರ ಗುರಿಯವರಿಗೆ ಅದು ಕಿ.ಮೀ.ಗೆ 6:40ರಿಂದ 7:10ರವರೆಗೆ. ವಾರದ ಓಟದಲ್ಲಿ ಐದರಲ್ಲಿ ನಾಲ್ಕು ಪಾಲು ಹೀಗೆಯೇ ಇರಬೇಕು. ದಿನವೂ ಏದುಸಿರು ಬಿಟ್ಟು ಓಡಿದರೆ ಬೇಗ ಬಲ ಬರುತ್ತದೆ ಎಂಬ ನಂಬಿಕೆ ನಮ್ಮ ಹುಡುಗರಲ್ಲಿದೆ. ಆದರೆ ಆಮ್ಲಜನಕ ಸಾಗಿಸುವ ಸಣ್ಣ ರಕ್ತನಾಳಗಳು ಸ್ನಾಯುಗಳಲ್ಲಿ ಹೆಚ್ಚುವುದು, ಕೊಬ್ಬನ್ನು ಉರಿಸುವ ಶಕ್ತಿ ಬೆಳೆಯುವುದು ಬಹುಪಾಲು ಈ ನಿಧಾನ ಓಟದಿಂದಲೇ.

ಕೊನೆಯ ಎರಡು ಮೂರು ವಾರಗಳಲ್ಲಿ ವೇಗ ಹಾಗೆಯೇ ಇಟ್ಟುಕೊಂಡು ದೂರವನ್ನು ಅರ್ಧಕ್ಕೆ ಇಳಿಸಬೇಕು. ಬಿಟ್ಟುಹೋದ ಅಭ್ಯಾಸವನ್ನು ಆ ದಿನಗಳಲ್ಲಿ ತುಂಬಿಕೊಳ್ಳಲು ಹೋಗಬಾರದು.

ದುಡಿಯುವ ಮೈಗೆ

ತರಬೇತಿ ಪುಸ್ತಕಗಳು ಹೆಚ್ಚಾಗಿ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಿಗಾಗಿ ಬರೆದವು. ಹೊಲ, ತೋಟ, ಕಲ್ಲುಗಣಿ, ಮಗ್ಗ ಎಂದು ದುಡಿಯುವವರು ಆ ದಣಿವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸುಗ್ಗಿಯ ವಾರದಲ್ಲಿ ದಿನವಿಡೀ ಬಗ್ಗಿ ಕೆಲಸ ಮಾಡಿದವರು ಮಂಗಳವಾರದ ವೇಗದ ಓಟ ಬಿಡಲಿ, ಭಾನುವಾರದ ಉದ್ದ ಓಟ ಉಳಿಸಿಕೊಳ್ಳಲಿ. ನಿದ್ದೆ ಕೆಟ್ಟರೆ ಯಾವ ತರಬೇತಿಯೂ ಮೈಗೆ ಹತ್ತುವುದಿಲ್ಲ.

ನೀಲಗಿರಿ, ವಯನಾಡಿನವರಿಗೆ ಏರುದಾರಿಯೇ ವ್ಯಾಯಾಮ. ಸುಮಾರು 2,240 ಮೀಟರ್ ಎತ್ತರದ ಊಟಿಯಲ್ಲಿ ದೇಶದ ದೂರ ಓಟಗಾರರ ಶಿಬಿರಗಳು ನಡೆದಿವೆ. ಅಂಥ ಎತ್ತರದಲ್ಲಿ ಆಮ್ಲಜನಕ ಕಡಿಮೆ ಸಿಗುವುದರಿಂದ ಕೆಲವು ವಾರಗಳಲ್ಲಿ ದೇಹ ಹೆಚ್ಚು ಕೆಂಪು ರಕ್ತಕಣ ತಯಾರಿಸುತ್ತದೆ. ಸೊಲ್ಲಾಪುರ, ಆದೋನಿ ಕಡೆಯ ಬಯಲಿನವರು ಸೂರ್ಯ ಹುಟ್ಟುವ ಮೊದಲೇ ಓಟ ಮುಗಿಸುವುದು ಲೇಸು. ಬಿಸಿಲಿಗೆ ಮೈ ಹೊಂದಿಕೊಳ್ಳಲು 10-14 ದಿನ ಬೇಕು.

ಊಟ ಮತ್ತು ನೀರು

ದೇಹದಲ್ಲಿ ಕೂಡಿಡಬಹುದಾದ ಸಕ್ಕರೆಯಂಶ (ಗ್ಲೈಕೊಜನ್) ಸುಮಾರು 2,000 ಕಿಲೊ ಕ್ಯಾಲರಿಯಷ್ಟು. ಓಡುವಾಗ ಒಂದು ಕಿ.ಮೀ.ಗೆ, ಒಂದು ಕೆ.ಜಿ. ತೂಕಕ್ಕೆ ಸುಮಾರು ಒಂದು ಕಿಲೊ ಕ್ಯಾಲರಿ ಖರ್ಚು. 60 ಕೆ.ಜಿ. ತೂಗುವವರಿಗೆ ಇಡೀ ಮ್ಯಾರಥಾನ್‌ಗೆ ಸುಮಾರು 2,500 ಬೇಕು. ಒಂದು ಪಾಲನ್ನು ಕೊಬ್ಬು ಒದಗಿಸುತ್ತದೆ, ಆದರೆ ವೇಗ ಹೆಚ್ಚಿದಷ್ಟೂ ಸಕ್ಕರೆಯ ಖರ್ಚು ಹೆಚ್ಚು. 30 ಕಿ.ಮೀ. ದಾಟಿದ ಮೇಲೆ ಕಾಲು ಕಲ್ಲಾಗುವುದಕ್ಕೆ, ಓಟಗಾರರು ‘ಗೋಡೆ’ ಎನ್ನುವ ಆ ಸ್ಥಿತಿಗೆ, ಇದೇ ಮುಖ್ಯ ಕಾರಣ.

ಆದ್ದರಿಂದ ಓಟದ ಹಿಂದಿನ ಎರಡು ದಿನ ಅನ್ನ, ಇಡ್ಲಿ, ಅವಲಕ್ಕಿ ಹೆಚ್ಚಿರಲಿ, ಕಾಳು, ಸೊಪ್ಪು, ಎಣ್ಣೆ ತಿಂಡಿ ಕಡಿಮೆ ಇರಲಿ. ಓಡುವಾಗ ಗಂಟೆಗೆ 30-60 ಗ್ರಾಂ ಸಕ್ಕರೆಯಂಶ ಬೇಕು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಬೆಲ್ಲ, ಖರ್ಜೂರ, ಅಂಗಡಿಯ ಜೆಲ್ ಯಾವುದಾದರೂ ಆದೀತು, ಆದರೆ ಭಾನುವಾರದ ಉದ್ದ ಓಟದಲ್ಲಿ ತಿಂದು ಹೊಟ್ಟೆಗೆ ಒಗ್ಗಿದ್ದನ್ನೇ ಓಟದ ದಿನವೂ ತಿನ್ನಬೇಕು.

ನೀರಿನ ವಿಷಯದಲ್ಲಿ ಕಡಿಮೆಯೂ ಕೆಡುಕು, ಅತಿಯೂ ಕೆಡುಕು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ. 13ರಷ್ಟು ಜನರಲ್ಲಿ ಸೋಡಿಯಂ ಮಟ್ಟ ಕುಸಿದಿತ್ತು. ಓಟದ ನಡುವೆ ತೂಕ ಏರುವಷ್ಟು ಕುಡಿದವರಲ್ಲಿ ಈ ತೊಂದರೆ ಹೆಚ್ಚು. ಬಾಯಾರಿದಾಗ ಕುಡಿಯುವುದು, ಬರೀ ನೀರಿನ ಜೊತೆಗೆ ಓ.ಆರ್.ಎಸ್. ಬಳಸುವುದು ಸರಿಯಾದ ದಾರಿ.

ಬಿಸಿಲು ಏನು ಮಾಡಬಲ್ಲುದು ಎಂಬುದಕ್ಕೆ ವಯನಾಡಿನವರೇ ಆದ ಒ.ಪಿ. ಜೈಷಾ ಅವರ ಎರಡು ಓಟ ನೋಡಬಹುದು. 2015ರಲ್ಲಿ ಬೀಜಿಂಗ್‌ನಲ್ಲಿ 2:34:43ರ ರಾಷ್ಟ್ರೀಯ ದಾಖಲೆ ಬರೆದ ಅವರು, ಮರುವರ್ಷ ರಿಯೊದ ಬಿಸಿಯಲ್ಲಿ 2:47:19 ತೆಗೆದುಕೊಂಡು, ಗೆರೆ ದಾಟಿದೊಡನೆ ಕುಸಿದರು. ದಾರಿಯಲ್ಲಿ ತಮಗೆ ಪಾನೀಯ ಒದಗಿಸಲಿಲ್ಲ ಎಂದು ಅವರು ಹೇಳಿದರು, ಅಥ್ಲೆಟಿಕ್ ಫೆಡರೇಷನ್ ಅದನ್ನು ನಿರಾಕರಿಸಿತು. ಅದೇನೇ ಇರಲಿ, ಸೆಕೆ ಹೆಚ್ಚಿದ ದಿನ ಗುರಿಯನ್ನು ಸಡಿಲಿಸಿಕೊಳ್ಳುವುದು ಸೋಲಲ್ಲ.

ಓಟದ ದಿನ

ಮೊದಲ 10 ಕಿ.ಮೀ.ಯಲ್ಲಿ ಮೈ ಹಗುರ, ಸುತ್ತ ಜನರ ಕೇಕೆ. ಇಲ್ಲಿಯೇ ಎಚ್ಚರ ಬೇಕು. 5:55ರ ಬದಲು 5:35ರಲ್ಲಿ ಓಡಿದರೆ 10 ಕಿ.ಮೀ.ಗೆ ಉಳಿಯುವುದು 3 ನಿಮಿಷ 20 ಸೆಕೆಂಡ್. ಅದರ ಫಲವಾಗಿ ಕೊನೆಯ 10 ಕಿ.ಮೀ.ಯಲ್ಲಿ ಕಿ.ಮೀ.ಗೆ ಒಂದೊಂದು ನಿಮಿಷ ತಡವಾದರೆ ಕಳೆದುಕೊಳ್ಳುವುದು 10 ನಿಮಿಷ. ಮೂರು ಗಳಿಸಿ ಹತ್ತು ಕಳೆದುಕೊಳ್ಳುವ ಈ ವ್ಯಾಪಾರದಲ್ಲೇ ಎಷ್ಟೋ ದಾಖಲೆಗಳು ಮುಳುಗುತ್ತವೆ.

4:10ರ ಗುರಿಯವರು ಅಂಗೈಯಲ್ಲಿ ಇಷ್ಟು ಬರೆದುಕೊಂಡರೆ ಸಾಕು:

10 ಕಿ.ಮೀ.: 59 ನಿಮಿಷ 10 ಸೆಕೆಂಡ್
ಅರ್ಧ ದೂರ: 2 ಗಂಟೆ 4 ನಿಮಿಷ 50 ಸೆಕೆಂಡ್
30 ಕಿ.ಮೀ.: 2 ಗಂಟೆ 57 ನಿಮಿಷ 30 ಸೆಕೆಂಡ್
40 ಕಿ.ಮೀ.: 3 ಗಂಟೆ 56 ನಿಮಿಷ 40 ಸೆಕೆಂಡ್

ಜಗತ್ತಿನ ದೊಡ್ಡ ಓಟಗಾರರಿಗೂ ಇದೇ ನಿಯಮ. ಕೆನ್ಯಾದ ಎಲಿಯುಡ್ ಕಿಪ್‌ಚೋಗೆ 2022ರಲ್ಲಿ ಬರ್ಲಿನ್‌ನಲ್ಲಿ ಮೊದಲರ್ಧವನ್ನು 59:51ರಲ್ಲಿ, ಎರಡನೆಯ ಅರ್ಧವನ್ನು 61:18ರಲ್ಲಿ ಓಡಿ 2:01:09ರ ವಿಶ್ವ ದಾಖಲೆ ಮಾಡಿದರು. ಮರುವರ್ಷ ಶಿಕಾಗೊದಲ್ಲಿ ಅದನ್ನು ಮುರಿದು 2:00:35ರಲ್ಲಿ ಓಡಿದ ಅದೇ ದೇಶದ ಕೆಲ್ವಿನ್ ಕಿಪ್ಟಮ್ ಅವರ ಮೊದಲರ್ಧ 60:48, ಎರಡನೆಯದು 59:47. ಮೊದಲರ್ಧದಲ್ಲಿ ಅವರು ಕಿಪ್‌ಚೋಗೆಗಿಂತ ಸುಮಾರು ಒಂದು ನಿಮಿಷ ಹಿಂದಿದ್ದರು.

ಮಾರ್ಗದ ಏರಿಳಿತವನ್ನೂ ಮೊದಲೇ ತಿಳಿದಿರಬೇಕು. ಮುಂಬೈಯಲ್ಲಿ ಪೆದ್ದರ್ ರೋಡ್ ಏರು ಎದುರಾಗುವುದು ಕಾಲು ಸೋತ ಕೊನೆಯ ಭಾಗದಲ್ಲಿ. ಏರಿನಲ್ಲಿ ವೇಗ ಕಡಿಮೆಯಾದರೂ ಉಸಿರು ಒಂದೇ ಹದದಲ್ಲಿರಲಿ. ಹೊಸ ಬೂಟನ್ನು ಓಟದ ದಿನ ಮೊದಲ ಸಲ ಹಾಕಲೇಬಾರದು.

ಎಚ್ಚರಿಕೆ

ಎದೆನೋವು, ತಲೆ ತಿರುಗುವುದು, ಬಿಸಿಲಲ್ಲಿ ಮೈ ಚಳಿಯಾಗುವುದು, ಮಾತು ತೊದಲುವುದು, ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ನಿಂತು ವೈದ್ಯಕೀಯ ನೆರವು ಕೇಳಬೇಕು. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು, ಮನೆತನದಲ್ಲಿ ಹೃದಯ ಕಾಯಿಲೆ ಇರುವವರು ತರಬೇತಿಗೆ ಮೊದಲೇ ವೈದ್ಯರನ್ನು ಕಾಣಬೇಕು. ಮೂಳೆಯ ಒಂದೇ ಜಾಗದಲ್ಲಿ ನೋವು ದಿನದಿಂದ ದಿನಕ್ಕೆ ಹೆಚ್ಚಿದರೆ ಅದು ಮೂಳೆ ಬಿರುಕಿನ ಸೂಚನೆ ಇರಬಹುದು. ನೋವಿನ ಮಾತ್ರೆ ನುಂಗಿ ಓಡಿದರೆ ಬಿರುಕು ದೊಡ್ಡದಾದೀತು, ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು.

ಒಂದು ಸಲ ದಾಖಲೆ ತಪ್ಪಿದರೆ ಮುಂದಿನ ತಿಂಗಳೇ ಮತ್ತೊಂದು ಮ್ಯಾರಥಾನ್‌ಗೆ ಹೆಸರು ಕೊಡುವುದು ಬೇಡ. ಎರಡು ಮೂರು ವಾರ ಮೈಗೆ ಬಿಡುವು ಕೊಟ್ಟು, ಪ್ರತಿ 5 ಕಿ.ಮೀ.ಯ ಸಮಯವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ನೋಡಿದರೆ ವೇಗ ಎಲ್ಲಿ ಹೆಚ್ಚಾಯಿತು, ಎಲ್ಲಿ ಕುಸಿಯಿತು ಎಂಬುದು ತಾನಾಗಿ ಕಾಣುತ್ತದೆ. ಮುಂದಿನ ಹದಿನಾರು ವಾರದ ಪಟ್ಟಿಯನ್ನು ಅಲ್ಲಿಂದ ಶುರು ಮಾಡಬಹುದು.