ಚೆಕೊಸ್ಲೊವಾಕಿಯ ವಿಭಜನೆ

ಚೆಕೊಸ್ಲೊವಾಕಿಯ ಮಧ್ಯ ಯೂರೋಪಿನ ಒಂದು ಹಿಂದಿನ ರಾಷ್ಟ್ರ. ಆಸ್ಟ್ರಿಯ-ಹಂಗರಿ ಸಾಮ್ರಾಜ್ಯ ಕುಸಿಯುತ್ತಿದ್ದಾಗ, 1918ರ ಅಕ್ಟೋಬರ್ 28ರಂದು ಪ್ರಾಗ್‌ನಲ್ಲಿ ಇದರ ಘೋಷಣೆಯಾಯಿತು. 1992ರ ಡಿಸೆಂಬರ್ 31ರ ಮಧ್ಯರಾತ್ರಿ ಚೆಕ್ ಗಣರಾಜ್ಯ, ಸ್ಲೊವಾಕಿಯ ಎಂದು ಎರಡಾಯಿತು.

ಚೆಕ್ಕರು ವಿಯೆನ್ನಾದ ಆಡಳಿತದಲ್ಲೂ ಸ್ಲೊವಾಕರು ಬುಡಾಪೆಸ್ಟ್‌ನ ಆಡಳಿತದಲ್ಲೂ ಬಾಳಿದವರು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗುತ್ತಿತ್ತು, ಬಾಳಿನ ರೀತಿ ಬೇರೆಯಾಗಿತ್ತು. ಮೊದಲ ಅಧ್ಯಕ್ಷ ಮಸಾರಿಕ್ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ವಲಸಿಗರೊಡನೆ ಮಾಡಿಕೊಂಡ ಒಪ್ಪಂದ ಸ್ಲೊವಾಕರಿಗೆ ಪ್ರತ್ಯೇಕ ಶಾಸನಸಭೆಯ ಭರವಸೆ ಕೊಟ್ಟಿತ್ತು. ಅದು ಈಡೇರಲಿಲ್ಲ. 1939ರ ಮಾರ್ಚ್‌ನಲ್ಲಿ ಹಿಟ್ಲರನ ಒತ್ತಾಸೆಯಿಂದ ಸ್ಲೊವಾಕಿಯ ಸ್ವತಂತ್ರವೆನಿಸಿಕೊಂಡಿತು. 1945ರಲ್ಲಿ ಮತ್ತೆ ಕೂಡಿಕೊಂಡಿತು.

ಒಡಕಿನ ಬೀಜ 1968ರಲ್ಲೇ ಇತ್ತೆನ್ನಬೇಕು. ಪ್ರಾಗ್ ವಸಂತದ ಸುಧಾರಣೆಗಳನ್ನು ಸೋವಿಯತ್ ಟ್ಯಾಂಕುಗಳು ತುಳಿದುಹಾಕಿದರೂ ಎರಡು ಗಣರಾಜ್ಯಗಳ ಒಕ್ಕೂಟ ಎಂಬ ಏರ್ಪಾಡು ಮಾತ್ರ ಉಳಿಯಿತು. ಒಕ್ಕೂಟದ ಸಂಸತ್ತಿನ ರಾಷ್ಟ್ರಗಳ ಸದನದಲ್ಲಿ ಎರಡೂ ಕಡೆಗೆ 75ರಂತೆ ಸ್ಥಾನ. ಸಂವಿಧಾನಕ್ಕೆ ಸಂಬಂಧಿಸಿದ ಮಸೂದೆಗೆ ಎರಡೂ ಗುಂಪಿನಲ್ಲಿ ಐದರಲ್ಲಿ ಮೂರು ಪಾಲು ಮತ ಬೇಕು. ಅಂದರೆ 31 ಜನ ಕೈಕಟ್ಟಿ ಕೂತರೆ ದೇಶವೇ ನಿಲ್ಲುತ್ತಿತ್ತು. ಕಮ್ಯುನಿಸ್ಟ್ ಪಕ್ಷ ಹೇಳಿದ್ದಕ್ಕೆಲ್ಲ ಎಲ್ಲರೂ ಕೈಯೆತ್ತುತ್ತಿದ್ದ ಕಾಲದಲ್ಲಿ ಇದು ಯಾರಿಗೂ ತೊಡಕೆನಿಸಲಿಲ್ಲ. 1989ರಲ್ಲಿ ಪ್ರಜಾಪ್ರಭುತ್ವ ಬಂದ ಮೇಲೆ ಅದರ ಬಿಸಿ ತಟ್ಟಿತು. 1990ರಲ್ಲಿ ದೇಶದ ಹೆಸರಿನ ನಡುವೆ ಒಂದು ಅಡ್ಡಗೆರೆ ಬೇಕೇ ಬೇಡವೇ ಎಂದು ಸಂಸತ್ತು ವಾರಗಟ್ಟಲೆ ಕಾದಾಡಿತು. ನಗುವ ವಿಷಯವಲ್ಲ: ಆ ಗೆರೆಯಲ್ಲಿ ಸ್ಲೊವಾಕರು ಸಮಾನತೆಯನ್ನು ಕಂಡರು.

1992ರ ಜೂನ್ ಚುನಾವಣೆಯಲ್ಲಿ ಚೆಕ್ ಕಡೆ ವಾಕ್ಲಾವ್ ಕ್ಲೌಸ್, ಸ್ಲೊವಾಕ್ ಕಡೆ ವ್ಲಾದಿಮಿರ್ ಮೆಚಿಯಾರ್ ಗೆದ್ದರು. ಕ್ಲೌಸ್‌ಗೆ ವೇಗದ ಖಾಸಗೀಕರಣ ಬೇಕು, ಜೊತೆಗೆ ಬಿಗಿಯಾದ ಕೇಂದ್ರ. ಮೆಚಿಯಾರ್‌ಗೆ ಸಡಿಲ ಕೂಟ. ಬ್ರ್ನೋ ನಗರದ ತುಗೆಂಧಾಟ್ ಬಂಗಲೆಯ ತೋಟದಲ್ಲಿ, ಮರದ ಕೆಳಗೆ ಕೂತು, ಆಗಸ್ಟ್‌ನಲ್ಲಿ ಇಬ್ಬರೂ ಬೇರೆಯಾಗುವ ದಿನವನ್ನು ನಿಗದಿ ಮಾಡಿದರು. ಅಧ್ಯಕ್ಷ ಹಾವೆಲ್ ಅಷ್ಟರಲ್ಲೇ ರಾಜೀನಾಮೆ ಕೊಟ್ಟಿದ್ದರು. ಜನಮತ ಸಂಗ್ರಹ ನಡೆಯಲೇ ಇಲ್ಲ; ನಡೆದಿದ್ದರೆ ಒಡೆಯುವುದು ಬಹುಶಃ ಸೋಲುತ್ತಿತ್ತು. ನವೆಂಬರ್ 25ರಂದು ಒಕ್ಕೂಟದ ಸಂಸತ್ತು ಕೂದಲೆಳೆಯ ಅಂತರದಲ್ಲಿ ತನ್ನನ್ನೇ ರದ್ದುಮಾಡಿಕೊಂಡಿತು.

ಆಮೇಲಿನದು ಅಣ್ಣತಮ್ಮಂದಿರ ಪಾಲುಪಟ್ಟಿ. ಸ್ಥಿರಾಸ್ತಿ ಯಾರ ನೆಲದಲ್ಲಿದೆಯೋ ಅವರಿಗೆ. ಉಳಿದದ್ದು ಜನಸಂಖ್ಯೆಯ ಲೆಕ್ಕದಲ್ಲಿ ಎರಡಕ್ಕೆ ಒಂದರಂತೆ. ರಾಷ್ಟ್ರಗೀತೆಯೆಂದರೆ ಒಂದು ಚೆಕ್ ಹಾಡಿನ ಬೆನ್ನಿಗೆ ಒಂದು ಸ್ಲೊವಾಕ್ ಹಾಡು, ಹಾಗಾಗಿ ಅದನ್ನು ಹಂಚಲು ತಕರಾರೇ ಇರಲಿಲ್ಲ. ಬಾವುಟದ ವಿಷಯ ಹಾಗಾಗಲಿಲ್ಲ. ಒಕ್ಕೂಟದ ಲಾಂಛನಗಳನ್ನು ಯಾರೂ ಬಳಸಕೂಡದೆಂದು ಕಾನೂನಿತ್ತು, ಆದರೂ ಚೆಕ್ಕರು ಹಳೆಯ ಬಾವುಟವನ್ನೇ ಹಾರಿಸಿದರು. ಒಂದೇ ನಾಣ್ಯಪದ್ಧತಿ ಇಟ್ಟುಕೊಳ್ಳುವ ಒಪ್ಪಂದ 1993ರ ಫೆಬ್ರವರಿ 8ಕ್ಕೆ ಮುಗಿಯಿತು. ಹೊಸ ನೋಟು ಅಚ್ಚಾಗಿ ಬರುವವರೆಗೆ ಹಳೆಯ ನೋಟಿನ ಮೂಲೆಗೆ ಅಂಚೆಚೀಟಿಯಂಥ ತುಂಡು ಅಂಟಿಸಿ, ಇದು ನಮ್ಮದು ಅದು ನಿಮ್ಮದು ಎಂದು ಗುರುತಿಸಿದರು.

ಗಡಿ ಗೆರೆ ತಿದ್ದುವಾಗ ಉ ಸಬೋತು ಎಂಬ ಪುಟ್ಟ ವಸತಿ 1997ರಲ್ಲಿ ಸ್ಲೊವಾಕಿಯಕ್ಕೆ ಹೋಯಿತು, ಸಿಡೊನಿಯೆ ಚೆಕ್ ಕಡೆಗೆ ಬಂತು. ಹತ್ತು ವರ್ಷ ಕಳೆದು, 2007ರ ಡಿಸೆಂಬರ್‌ನಲ್ಲಿ, ಎರಡೂ ದೇಶಗಳು ಷೆಂಗೆನ್ ವಲಯ ಸೇರಿ ಆ ಗಡಿಯ ತಪಾಸಣೆಯನ್ನೇ ಕೈಬಿಟ್ಟವು.