ಹಳೆಯ ಕನ್ಸೋಲ್ ಆಟಗಳು ಪರವಾನಗಿ ಕಳೆದುಕೊಂಡ ಬಗೆ

ನಿಂಟೆಂಡೊ ಕಂಪನಿಯ 'ಪಂಚ್-ಔಟ್' ಆಟದಿಂದ ಮೈಕ್ ಟೈಸನ್ ಹೆಸರು ಏಕೆ ಮರೆಯಾಯಿತು ಎಂದು ಕೇಳಿದರೆ, ಆಟ ಬಲ್ಲವರಲ್ಲಿ ಅನೇಕರು ಅವರ ಜೈಲುವಾಸವನ್ನು ಕಾರಣವಾಗಿ ಹೇಳುತ್ತಾರೆ. ದಿನಾಂಕಗಳು ಈ ಮಾತನ್ನು ಒಪ್ಪುವುದಿಲ್ಲ. 'ಮೈಕ್ ಟೈಸನ್ಸ್ ಪಂಚ್-ಔಟ್' ಅಮೆರಿಕದ ಮಾರುಕಟ್ಟೆಗೆ ಬಂದದ್ದು 1987ರ ಅಕ್ಟೋಬರಿನಲ್ಲಿ. ಟೈಸನ್ ಅವರ ಹೆಸರು ಮತ್ತು ಮುಖವನ್ನು ಬಳಸಿಕೊಳ್ಳಲು ನಿಂಟೆಂಡೊ ಮಾಡಿಕೊಂಡಿದ್ದ ಒಪ್ಪಂದ ಮೂರು ವರ್ಷದ್ದು. 1990ರ ಫೆಬ್ರವರಿಯಲ್ಲಿ ಟೋಕಿಯೊದಲ್ಲಿ ಬಸ್ಟರ್ ಡಗ್ಲಾಸ್ ಎದುರು ಅವರು ಸೋತು ಪಟ್ಟ ಕಳೆದುಕೊಂಡರು. ಅದೇ ವರ್ಷ ಆಗಸ್ಟಿನಲ್ಲಿ ಆಟ ಮರುಬಿಡುಗಡೆಯಾದಾಗ ಕೊನೆಯ ಎದುರಾಳಿಯ ಜಾಗದಲ್ಲಿ 'ಮಿಸ್ಟರ್ ಡ್ರೀಮ್' ಎಂಬ ಕಲ್ಪಿತ ಮುಷ್ಟಿಪಟು ನಿಂತಿದ್ದ. ಅತ್ಯಾಚಾರ ಪ್ರಕರಣದಲ್ಲಿ ಟೈಸನ್ ದೋಷಿ ಎಂಬ ತೀರ್ಪು ಬಂದದ್ದು 1992ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಆಟದಿಂದ ಅವರ ಹೆಸರು ಹೋಗಿ ಒಂದೂವರೆ ವರ್ಷವಾಗಿತ್ತು.

ಹೊಸ ಎದುರಾಳಿ ಹೊಡೆಯುವ ಕ್ರಮ, ತಪ್ಪಿಸಿಕೊಳ್ಳುವ ಲಯ ಎಲ್ಲ ಟೈಸನ್ ಪಾತ್ರದ್ದೇ. ಬದಲಾದದ್ದು ತಲೆ ಮತ್ತು ಹೆಸರು ಮಾತ್ರ. ಇಂದು ನಿಂಟೆಂಡೊ ಅಧಿಕೃತವಾಗಿ ಕೊಡುವುದೂ ಈ ಮಿಸ್ಟರ್ ಡ್ರೀಮ್ ಆವೃತ್ತಿಯನ್ನೇ. ಹಳೆಯ ಆಟಗಳು ಪರವಾನಗಿ ಕಳೆದುಕೊಳ್ಳುವ ಕಾರಣವನ್ನು ಆಟದ ಗುಣದಲ್ಲಾಗಲಿ ಹಗರಣಗಳಲ್ಲಾಗಲಿ ಹುಡುಕಿ ಫಲವಿಲ್ಲ, ಒಪ್ಪಂದದ ಅವಧಿ ಮತ್ತು ಷರತ್ತುಗಳಲ್ಲಿ ಹುಡುಕಬೇಕು ಎಂಬುದು ಈ ಲೇಖನದ ವಾದ. ತೊಂಬತ್ತರ ದಶಕದಲ್ಲಿ ನಮ್ಮ ಊರುಗಳ ಅಂಗಡಿಗಳಲ್ಲಿ ಸಿಗುತ್ತಿದ್ದ '9999 ಇನ್ 1' ಕ್ಯಾಸೆಟ್‌ಗಳ ಮಾತು ಬೇರೆ. ಅವಕ್ಕೆ ಪರವಾನಗಿಯೇ ಇರಲಿಲ್ಲ. ಇಲ್ಲಿರುವುದು ಒಮ್ಮೆ ಪಡೆದು ಕಳೆದುಕೊಂಡವುಗಳ ಚರಿತ್ರೆ.

ಕಳೆದುಕೊಳ್ಳುವ ಮೊದಲ ಬಗೆ, ಯಂತ್ರದ ಒಡೆಯನೊಂದಿಗಿನ ಸಂಬಂಧ ಮುರಿಯುವುದು. ನಿಂಟೆಂಡೊದ ಎನ್‌ಇಎಸ್ ಯಂತ್ರದೊಳಗೆ '10ಎನ್‌ಇಎಸ್' ಎಂಬ ಬೀಗದ ಚಿಪ್ ಇತ್ತು. ಅದಕ್ಕೆ ಜೋಡಿಯಾದ ಚಿಪ್ ಕಾರ್ಟ್ರಿಜ್‌ನಲ್ಲಿ ಇಲ್ಲದಿದ್ದರೆ ಆಟ ನಡೆಯುತ್ತಿರಲಿಲ್ಲ. ಆ ಚಿಪ್ ಬೇಕೆಂದರೆ ನಿಂಟೆಂಡೊ ಹಾಕಿದ ಷರತ್ತಿಗೆ ಒಪ್ಪಬೇಕು: ವರ್ಷಕ್ಕೆ ಐದಕ್ಕಿಂತ ಹೆಚ್ಚು ಆಟ ತರುವಂತಿಲ್ಲ, ಅದೇ ಆಟವನ್ನು ಎರಡು ವರ್ಷ ಬೇರೆ ಮನೆಯಂತ್ರಗಳಿಗೆ ಕೊಡುವಂತಿಲ್ಲ, ಕಾರ್ಟ್ರಿಜ್‌ಗಳನ್ನೂ ನಿಂಟೆಂಡೊದಿಂದಲೇ ಕೊಳ್ಳಬೇಕು. ಅಟಾರಿ ಗೇಮ್ಸ್ ಕಂಪನಿಯ ಅಂಗವಾದ ಟೆಂಗೆನ್ ಇದಕ್ಕೆ ಸಹಿ ಹಾಕಿ 1988ರಲ್ಲಿ 'ಪ್ಯಾಕ್-ಮ್ಯಾನ್', 'ಗಾಂಟ್ಲೆಟ್', 'ಆರ್‌ಬಿಐ ಬೇಸ್‌ಬಾಲ್' ಎಂಬ ಮೂರು ಆಟಗಳನ್ನು ಬೂದುಬಣ್ಣದ ಅಧಿಕೃತ ಕಾರ್ಟ್ರಿಜ್‌ಗಳಲ್ಲಿ ತಂದಿತು. ಅದೇ ಡಿಸೆಂಬರಿನಲ್ಲಿ ನಿಂಟೆಂಡೊದ ಮೇಲೆ ಏಕಸ್ವಾಮ್ಯದ ಮೊಕದ್ದಮೆ ಹೂಡಿತು. ಅವೇ ಮೂರು ಆಟಗಳು ಪರವಾನಗಿಯಿಲ್ಲದ ಕಪ್ಪು ಕಾರ್ಟ್ರಿಜ್‌ಗಳಲ್ಲಿ ಮತ್ತೆ ಅಂಗಡಿಗೆ ಬಂದವು. ಸಂಶೋಧಕರಿಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. ಒಂದೇ ಆಟ, ಒಂದು ಪ್ರತಿ ಅಧಿಕೃತ, ಇನ್ನೊಂದು ಅಲ್ಲ.

ಟೆಂಗೆನ್ ಬೀಗ ತೆರೆದ ದಾರಿಯೇ ಅದಕ್ಕೆ ಮುಳುವಾಯಿತು. ಚಿಪ್‌ನ ಗುಟ್ಟು ಪ್ರಯೋಗಾಲಯದಲ್ಲಿ ಪೂರ್ತಿ ಬಿಡಿಸಲಾಗದೆ, 1988ರ ಆರಂಭದಲ್ಲಿ ಅಟಾರಿಯ ವಕೀಲರು ಅಮೆರಿಕದ ಕೃತಿಸ್ವಾಮ್ಯ ಕಚೇರಿಗೆ ಅರ್ಜಿ ಹಾಕಿದರು. ತಾವು ಉಲ್ಲಂಘನೆಯ ಮೊಕದ್ದಮೆಯೊಂದರಲ್ಲಿ ಪ್ರತಿವಾದಿಗಳು ಎಂದು ಬರೆದುಕೊಟ್ಟು 10ಎನ್‌ಇಎಸ್ ಪ್ರೋಗ್ರಾಮಿನ ನಕಲು ಪಡೆದರು. ಆಗ ಅಂಥ ಮೊಕದ್ದಮೆಯೇ ಇರಲಿಲ್ಲ. 1992ರಲ್ಲಿ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಅಟಾರಿಯ ವಿರುದ್ಧದ ತಡೆಯಾಜ್ಞೆಯನ್ನು ಎತ್ತಿಹಿಡಿಯಿತು. ಒಂದು ಪ್ರೋಗ್ರಾಮನ್ನು ಬಿಚ್ಚಿ ಅಭ್ಯಾಸ ಮಾಡುವುದು ನ್ಯಾಯಸಮ್ಮತ ಬಳಕೆಯಾಗಬಹುದು, ಆದರೆ ಹಾಗೆ ಮಾಡಲು ಸರಿಯಾಗಿ ಪಡೆದ ಪ್ರತಿ ಕೈಯಲ್ಲಿರಬೇಕು ಎಂದಿತು. ಒಪ್ಪಂದದ ಷರತ್ತುಗಳು ಬಿಗಿಯಾಗಿದ್ದವು ಎಂಬ ಟೆಂಗೆನ್ ಅಳಲಿನಲ್ಲಿ ಹುರುಳಿತ್ತು ಎಂದೇ ನನ್ನ ಅಭಿಪ್ರಾಯ. ಆ ನ್ಯಾಯವಾದ ದೂರನ್ನು ಒಂದು ಸುಳ್ಳು ಅರ್ಜಿ ಹಾಳುಮಾಡಿತು.

ಇದೇ ಕಂಪನಿಯ 'ಟೆಟ್ರಿಸ್' ಇನ್ನೂ ದುರದೃಷ್ಟದ್ದು. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿಟ್ನೊವ್ ರಚಿಸಿದ ಈ ಆಟದ ಹಕ್ಕು ರಾಬರ್ಟ್ ಸ್ಟೈನ್, ಮಿರರ್‌ಸಾಫ್ಟ್ ಎಂದು ಕೈ ದಾಟುತ್ತ ಟೆಂಗೆನ್‌ಗೆ ಬಂದಿತ್ತು. 1989ರಲ್ಲಿ ಸೋವಿಯತ್ ಸಂಸ್ಥೆ ಎಲೋರ್ಗ್‌ನ ನಿಕೊಲಾಯ್ ಬೆಲಿಕೊವ್ ಸ್ಟೈನ್ ಅವರೊಂದಿಗಿನ ಕರಾರಿಗೆ ತಿದ್ದುಪಡಿ ತಂದು, ಕಂಪ್ಯೂಟರ್ ಎಂದರೆ ಕೀಲಿಮಣೆ, ಪರದೆ, ಡಿಸ್ಕ್ ಡ್ರೈವ್ ಎಲ್ಲ ಇರುವ ಯಂತ್ರ ಎಂದು ಸೇರಿಸಿದರು. ಟಿವಿಗೆ ಜೋಡಿಸುವ ಗೇಮ್ ಯಂತ್ರಗಳ ಹಕ್ಕು ನಿಂಟೆಂಡೊಗೆ ಹೋಯಿತು. ಮೇ ತಿಂಗಳಲ್ಲಿ ಅಂಗಡಿಗೆ ಬಂದ ಟೆಂಗೆನ್ ಟೆಟ್ರಿಸ್, ಜೂನ್ ತಿಂಗಳ ತಡೆಯಾಜ್ಞೆಯಿಂದಾಗಿ ಹಿಂದೆ ಸರಿಯಿತು. ಇಬ್ಬರು ಎದುರುಬದುರಾಗಿ ಆಡುವ ಸೌಲಭ್ಯ ಅದರಲ್ಲಿತ್ತು, ನಿಂಟೆಂಡೊ ಹೊರತಂದ ಆವೃತ್ತಿಯಲ್ಲಿ ಇರಲಿಲ್ಲ.

ಆದರೂ ಕಾರ್ಟ್ರಿಜ್ ಕಾಲದಲ್ಲಿ ಒಂದು ಸಮಾಧಾನವಿತ್ತು. ಮಾರಿದ ಪ್ರತಿ ಕೊಂಡವನದು, ಒಪ್ಪಂದ ಮುಗಿದರೂ ಅದು ಅವನ ಕಪಾಟಿನಲ್ಲೇ ಉಳಿಯುತ್ತಿತ್ತು. ಡೌನ್‌ಲೋಡ್ ಅಂಗಡಿಗಳು ಬಂದಮೇಲೆ ಲೆಕ್ಕ ಬದಲಾಯಿತು. ಅಲ್ಲಿ ಪ್ರತಿ ದಿನವೂ ಹೊಸ ಮಾರಾಟ, ಆದ್ದರಿಂದ ಪ್ರತಿ ದಿನವೂ ಪರವಾನಗಿ ಜೀವಂತವಾಗಿರಬೇಕು. ಗೇಣಿಗೆ ಪಡೆದ ಹೊಲದಲ್ಲಿ ಬೆಳೆ ರೈತನದಾದರೂ ನೆಲ ಅವನದಲ್ಲದಂತೆ, ಪ್ರೋಗ್ರಾಮು ಕಂಪನಿಯದಾದರೂ ಪಾತ್ರಗಳು ಬೇರೆಯವರವು. ಕೊನಾಮಿಯ 1989ರ 'ಟೀನೇಜ್ ಮ್ಯೂಟಂಟ್ ನಿಂಜಾ ಟರ್ಟಲ್ಸ್' ವೀ ಯಂತ್ರದ ಅಂಗಡಿಯಿಂದ 2012ರ ಜನವರಿಯಲ್ಲಿ ಹೊರಬಿದ್ದದ್ದು ಹೀಗೆ. ಅಷ್ಟರಲ್ಲಿ ಆಮೆಗಳ ಹಕ್ಕು ವಯಾಕಾಮ್ ಪಾಲಾಗಿತ್ತು. ಆ ಆಟ 2022ರ 'ಕವಾಬಂಗಾ ಕಲೆಕ್ಷನ್'ನಲ್ಲಿ ಮತ್ತೆ ಸಿಗುವವರೆಗೆ ಹತ್ತು ವರ್ಷ ಕಳೆಯಿತು. ಫೆರಾರಿ ಕಾರುಗಳ ಪರವಾನಗಿ ಮುಗಿದಾಗ ಸೆಗಾದ 'ಔಟ್‌ರನ್ ಆನ್‌ಲೈನ್ ಆರ್ಕೇಡ್' ಕೂಡ ಮಾರಾಟದಿಂದ ಹೋಯಿತು.

ಒಡೆತನ ಎಷ್ಟು ಕವಲಾಗಬಹುದು ಎಂಬುದಕ್ಕೆ 'ಗೋಲ್ಡನ್‌ಐ 007' ಸಾಕು. 1997ರಲ್ಲಿ ಬ್ರಿಟನ್ನಿನ ರೇರ್ ತಂಡ ನಿಂಟೆಂಡೊ 64 ಯಂತ್ರಕ್ಕೆ ಮಾಡಿದ ಆಟ ಇದು. 2002ರಲ್ಲಿ ಮೈಕ್ರೊಸಾಫ್ಟ್ ರೇರ್ ಕಂಪನಿಯನ್ನು ಕೊಂಡಿತು. ಜೇಮ್ಸ್ ಬಾಂಡ್ ಆಟಗಳ ಹಕ್ಕು ಎಲೆಕ್ಟ್ರಾನಿಕ್ ಆರ್ಟ್ಸ್‌ಗೂ 2006ರಲ್ಲಿ ಆ್ಯಕ್ಟಿವಿಷನ್‌ಗೂ ಹೋಯಿತು. ಮರುಬಿಡುಗಡೆಗೆ ಮೈಕ್ರೊಸಾಫ್ಟ್, ನಿಂಟೆಂಡೊ, ಬಾಂಡ್ ಹಕ್ಕುದಾರರು ಮೂವರೂ ಒಪ್ಪಬೇಕು. ರೇರ್ ಹೊಸ ಚಿತ್ರಗಳೊಂದಿಗೆ ಸಿದ್ಧಪಡಿಸಿದ ಎಕ್ಸ್‌ಬಾಕ್ಸ್ ಆವೃತ್ತಿ ಸಹಿ ಸಿಗದೆ ಉಳಿದು, 2021ರಲ್ಲಿ ಅನಧಿಕೃತವಾಗಿ ಸೋರಿಕೆಯಾಯಿತು. 2023ರ ಜನವರಿ 27ರಂದು ಆಟ ಅಧಿಕೃತವಾಗಿ ಮರಳಿದಾಗಲೂ ಒಡೆತನದ ಗೆರೆ ಕಾಣುತ್ತಿತ್ತು. ಆನ್‌ಲೈನಿನಲ್ಲಿ ಹಲವರು ಕೂಡಿ ಆಡುವ ಸೌಲಭ್ಯ ನಿಂಟೆಂಡೊ ಸ್ವಿಚ್‌ನಲ್ಲಿ ಮಾತ್ರ ಇತ್ತು, ಎಕ್ಸ್‌ಬಾಕ್ಸ್‌ನಲ್ಲಿ ಇರಲಿಲ್ಲ.

ಇಷ್ಟೊಂದು ಸಹಿ ಕೂಡಿಬರುವುದು ಅಪರೂಪ. ಅಮೆರಿಕದಲ್ಲಿ 2010ಕ್ಕಿಂತ ಮೊದಲು ಬಂದ ಆಟಗಳಲ್ಲಿ ಶೇ 87ರಷ್ಟು ಇಂದು ಮಾರಾಟಕ್ಕಿಲ್ಲ ಎಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರ ಅಧ್ಯಯನದಲ್ಲಿ ತೋರಿಸಿತು. ಅದಕ್ಕೆಲ್ಲ ಪರವಾನಗಿಯೊಂದೇ ಕಾರಣವಲ್ಲ. ಆದರೆ ಪರವಾನಗಿ ಕಾರಣವಾದಲ್ಲಿ, ಲಾಭದ ಆಸೆಯಿದ್ದರೂ ಕಂಪನಿ ಆಟವನ್ನು ಮರಳಿ ತರಲಾಗದು. ಅಂಥ ಆಟಗಳನ್ನು ಉಳಿಸಬಲ್ಲವು ಗ್ರಂಥಾಲಯಗಳು ಮಾತ್ರ. ಅವುಗಳ ಸಂಗ್ರಹವನ್ನು ಸಂಶೋಧಕರು ದೂರದಿಂದ ಬಳಸಲು ವಿನಾಯಿತಿ ಬೇಕೆಂಬ ಕೋರಿಕೆಯನ್ನು 2024ರ ಅಕ್ಟೋಬರಿನಲ್ಲಿ ಅಮೆರಿಕದ ಕೃತಿಸ್ವಾಮ್ಯ ಕಚೇರಿ ತಿರಸ್ಕರಿಸಿತು. ಈ ನಿರ್ಧಾರ ತಪ್ಪು. ಮಾರಾಟವೇ ಇಲ್ಲದ ಆಟವನ್ನು ಅಧ್ಯಯನಕ್ಕೆ ಕೊಟ್ಟರೆ ಯಾವ ಹಕ್ಕುದಾರನಿಗೂ ನಷ್ಟವಿಲ್ಲ, ಮುಂದಿನ ಸುತ್ತಿನಲ್ಲಾದರೂ ಆ ವಿನಾಯಿತಿ ಸಿಗಬೇಕು.