ನಗರದ ಬಾವಿಯ ಬಾಣಗಳು

ಮಧುಗಿರಿಯ ದುರ್ಗಕ್ಕೂ ಮಲೆನಾಡಿನ ನಗರಕ್ಕೂ ದಾರಿಯು ದೂರವಾದರೂ ಚರಿತ್ರೆಯ ಸಂಬಂಧವು ಹತ್ತಿರದ್ದು. ಹೈದರಾಲಿಯು 1761ರಲ್ಲಿ ಸಿರಾವನ್ನು ಹಿಡಿದು, 1763ರಲ್ಲಿ ಕೆಳದಿಯ ಅರಸರ ಬಿದನೂರನ್ನು ಗೆದ್ದು ಅದಕ್ಕೆ ಹೈದರನಗರವೆಂದು ಹೆಸರಿಟ್ಟನು. ರಾಣಿ ವೀರಮ್ಮಾಜಿಯನ್ನು ಮಧುಗಿರಿಯ ಬೆಟ್ಟದ ಮೇಲೆ ಸೆರೆಯಿರಿಸಿದನು. 1767ರಲ್ಲಿ ಪೇಶ್ವೆ ಮಾಧವರಾಯನು ದುರ್ಗವನ್ನು ವಶಪಡಿಸಿಕೊಂಡಾಗ ಆಕೆಗೆ ಬಿಡುಗಡೆಯಾಯಿತು.

ಆ ನಗರದಲ್ಲಿ 2002ರಲ್ಲಿ ಒಂದು ಹಾಳುಬಾವಿಯಿಂದ ನೂರಕ್ಕೂ ಮಿಕ್ಕು ಕಬ್ಬಿಣದ ಕೊಳವೆಗಳು ದೊರೆತುವು. ಅವು ಸಾಮಾನ್ಯವಾದ ಗುಂಡುಗಳೆಂದೇ ಶಿವಮೊಗ್ಗೆಯ ವಸ್ತುಸಂಗ್ರಹಾಲಯವನ್ನು ಸೇರಿದುವು. ಹೈದರ್-ಟಿಪ್ಪುಗಳ ಕಾಲದ ಯುದ್ಧಬಾಣಗಳೆಂದು ತಿಳಿದುಬಂದುದು 2007ರಲ್ಲಿ. ಮರಳಿ 2018ರಲ್ಲಿ ಬಾವಿಯ ಮಣ್ಣಿಗೆ ಮದ್ದಿನ ವಾಸನೆಯಿದ್ದುದನ್ನು ಕಂಡು ಪುರಾತತ್ತ್ವ ಇಲಾಖೆಯವರು ಅಗೆಯಿಸಲು, ಸಾವಿರಕ್ಕೂ ಹೆಚ್ಚು ಬಾಣಗಳು ಹೊರಬಂದುವು. ಉದ್ದವು ಸುಮಾರು 23ರಿಂದ 26 ಸೆಂಟಿಮೀಟರು.

ಇವುಗಳ ಹಿರಿಮೆಯೆಲ್ಲವೂ ಕೊಳವೆಯಲ್ಲಿದೆ. ಕಾಗದದ ಅಥವಾ ಬಿದಿರಿನ ಕೊಳವೆಯು ತಾಳಲಾರದ ಒತ್ತಡವನ್ನು ಕಬ್ಬಿಣವು ತಾಳುವುದರಿಂದ ಬಾಣವು ಹೆಚ್ಚು ದೂರ ಹಾರುತ್ತಿದ್ದಿತು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಇಂತಹ ಬಾಣಗಳು ಇಂಗ್ಲೆಂಡಿಗೆ ಹೋದುವು; ವಿಲಿಯಂ ಕಾಂಗ್ರೀವನು ಅಲ್ಲಿ ಸಿದ್ಧಪಡಿಸಿದ ಬಾಣಗಳಿಗೆ ಇವೇ ಪ್ರೇರಣೆಯಾದುವು.

ಆದರೆ ದೊರೆತ ವಸ್ತುವನ್ನು ಉಳಿಸುವುದು ಅಗೆದು ತೆಗೆಯುವುದಕ್ಕಿಂತಲೂ ಕಷ್ಟ. ಗಾಳಿಯಾಡದ ಕೆಸರಿನಲ್ಲಿ ಎರಡು ಶತಮಾನಗಳ ಕಾಲ ಉಳಿದ ಕಬ್ಬಿಣವು ಹೊರಗಿನ ತೇವದ ಗಾಳಿ ಸೋಕಿದೊಡನೆ ಬೇಗಬೇಗನೆ ಬಿರಿಯತೊಡಗುತ್ತದೆ. ಒಳಗೆ ಸೇರಿದ ಲವಣಗಳೇ ಇದಕ್ಕೆ ಕಾರಣ. ಉಜ್ಜಿ ಬೆಳಗಬೇಕೆಂಬ ಆಸೆಯು ಸಹಜವಾದರೂ ಹಾನಿಕರವಾದುದು. ವಸ್ತುವಿನ ಮೂಲರೂಪವು ಅನೇಕವೇಳೆ ತುಕ್ಕಿನ ಪದರದಲ್ಲಿಯೇ ಅಡಗಿರುತ್ತದೆ. ಆದುದರಿಂದ ತಜ್ಞರು ಮೊದಲು ತೂಕ, ಅಳತೆ, ದೊರೆತ ಸ್ಥಾನಗಳನ್ನು ಬರೆದಿಟ್ಟು, ಕ್ಷ-ಕಿರಣದಿಂದ ಒಳಗನ್ನು ನೋಡುತ್ತಾರೆ. ಕ್ಷಾರದ ನೀರಿನಲ್ಲಿ ನೆನೆಯಿಸಿ ಲವಣವನ್ನು ಕಳೆಯುತ್ತಾರೆ. ಒಣಗಿಸಿ ಟ್ಯಾನಿಕ್ ಆಮ್ಲವನ್ನೂ ಮೇಣವನ್ನೂ ಲೇಪಿಸುತ್ತಾರೆ. ಅಳಲೆಕಾಯಿಯ ಒಗರು ಅನ್ನಭೇದಿಯೊಡನೆ ಕೂಡಿ ಹಿಂದಿನ ಲೇಖಕರಿಗೆ ಮಸಿಯಾಗುತ್ತಿದ್ದಿತಷ್ಟೆ. ಅದೇ ಒಗರು ಇಲ್ಲಿ ಕಬ್ಬಿಣಕ್ಕೆ ಕಪ್ಪು ಕವಚವಾಗುತ್ತದೆ.

ಮಧುಗಿರಿ, ಪಾವಗಡ, ಚನ್ನರಾಯನದುರ್ಗ, ಸಿರಾ ಇವೆಲ್ಲವೂ ಸೈನ್ಯಗಳು ಬೀಡುಬಿಟ್ಟ ನೆಲಗಳು. ಉಳುವಾಗಲೋ ಹೂಳೆತ್ತುವಾಗಲೋ ಇಲ್ಲಿ ಸಿಕ್ಕಿದ ತುಕ್ಕುಗಬ್ಬಿಣವು ಗುಜರಿಯವನ ತಕ್ಕಡಿಯನ್ನು ಸೇರಿದರೆ ಅದರ ಬೆಲೆ ಕೆಲವು ರೂಪಾಯಿ ಮಾತ್ರ. ಬಡಿಯದೆ, ತೊಳೆಯದೆ, ಬೆಂಕಿಯ ಬಳಿಗೆ ಒಯ್ಯದೆ, ಸಿಕ್ಕಿದ ಜಾಗವನ್ನು ಗುರುತಿಟ್ಟು ತಹಶೀಲ್ದಾರರಿಗೆ ತಿಳಿಸಿದರೆ ಅದು ನಾಡಿನ ಚರಿತ್ರೆಗೆ ಸಾಕ್ಷಿಯಾಗುತ್ತದೆ. ಶಾಸನವನ್ನು ಓದಲು ಲಿಪಿಜ್ಞಾನವು ಬೇಕು. ಕಬ್ಬಿಣವನ್ನು ಓದಲು ಮೊದಲು ಬೇಕಾದುದು ತಾಳ್ಮೆ.